ಕುಕ್ಸಾ ಮಠದ ಚೆಲೊ ಸಂಗೀತ ಪರಂಪರೆ

ದಕ್ಷಿಣ ಫ್ರಾನ್ಸಿನ ಪ್ರಾಡ್ ಪಟ್ಟಣದ ಬಳಿ, ಕಾನಿಗೂ ಬೆಟ್ಟದ ಬುಡದಲ್ಲಿರುವ ಸೇಂಟ್ ಮಿಶೆಲ್ ದ ಕುಕ್ಸಾ ಬೆನೆಡಿಕ್ಟೈನ್ ಮಠದಲ್ಲಿ ಬೆಳೆದುಬಂದ ಸಂಗೀತ ಪರಂಪರೆ. ಮಠದ ಚರ್ಚು 10ನೇ ಶತಮಾನದ್ದು. ಫ್ರೆಂಚ್ ಕ್ರಾಂತಿಯ ನಂತರ ಮಠ ಹಾಳುಬಿದ್ದಿತು. ಅದರ ಕೆತ್ತನೆಯ ಕಂಬಗಳಲ್ಲಿ ಹಲವು ಇಂದು ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಸಂಗ್ರಹಾಲಯದಲ್ಲಿವೆ.

ಈ ಪರಂಪರೆಯ ಮೂಲಪುರುಷ ಕೆಟಲಾನ್ ಚೆಲೊ ವಾದಕ ಪಾಬ್ಲೊ ಕಸಾಲ್ಸ್ (1876–1973). ಬಾಲ್ಯದಲ್ಲಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಸಿಕ್ಕ, ಸಂಯೋಜಕ ಬಾಖ್‌ನ ಆರು ಚೆಲೊ ಸೂಟ್‌ಗಳ ಪ್ರತಿಯನ್ನು ವರ್ಷಗಟ್ಟಲೆ ಸಾಧನೆ ಮಾಡಿ, ಬರಿಯ ಅಭ್ಯಾಸಪಾಠಗಳೆಂದು ಬಹುಮಂದಿ ಬಗೆದಿದ್ದ ಆ ಕೃತಿಗಳನ್ನು ಕಛೇರಿಯ ವೇದಿಕೆಗೆ ತಂದವರು ಇವರೇ. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ಗೆದ್ದ ಮೇಲೆ ಪ್ರಾಡ್‌ನಲ್ಲಿ ನೆಲೆಸಿದರು. ಫ್ರಾಂಕೊನ ಸರ್ವಾಧಿಕಾರವನ್ನು ಜಗತ್ತು ಸಹಿಸಿಕೊಂಡದ್ದನ್ನು ಪ್ರತಿಭಟಿಸಿ ಸಾರ್ವಜನಿಕ ಕಛೇರಿಗಳನ್ನೇ ನಿಲ್ಲಿಸಿದರು. ಕಲಾವಿದನ ಮೌನಕ್ಕೆ ಇಷ್ಟು ತೂಕ ಬಂದದ್ದು ಅಪರೂಪ. ಬಾಖ್ ನಿಧನದ ಇನ್ನೂರನೇ ವರ್ಷವಾದ 1950ರಲ್ಲಿ, ಪಿಟೀಲುವಾದಕ ಅಲೆಕ್ಸಾಂಡರ್ ಶ್ನೈಡರ್ ಮೊದಲಾದ ಗೆಳೆಯರು ಪ್ರಾಡ್‌ಗೇ ಬಂದು ಉತ್ಸವ ನಡೆಸಿದರು; ಕಸಾಲ್ಸ್ ಮತ್ತೆ ಕಮಾನು ಹಿಡಿದರು.

ಮೊದಲ ಕಛೇರಿಗಳು ನಡೆದದ್ದು ಊರಿನ ಸೇಂಟ್ ಪಿಯೆರ್ ಚರ್ಚಿನಲ್ಲಿ. ಮುಂದೆ ಮಠವೇ ಉತ್ಸವದ ಮುಖ್ಯ ತಾಣವಾಯಿತು. ಕುದುರೆಲಾಳದ ಆಕಾರದ ಕಮಾನುಗಳುಳ್ಳ ಮಠದ ಕಲ್ಲಿನ ಚರ್ಚಿನಲ್ಲಿ ಚೆಲೊದ ಮಂದ್ರಸ್ವರ ತಂತಿ ನಿಂತ ಮೇಲೂ ಕ್ಷಣಕಾಲ ಉಳಿಯುತ್ತದೆ. ಕಸಾಲ್ಸ್ ಹೆಸರಿನ ಉತ್ಸವ ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ.