ಮಾಹಿತಿರಕ್ಷಣೆಯ ಅಷ್ಟಸೂತ್ರಗಳು: ಒಂದು ತತ್ತ್ವದ ಅಜ್ಞಾತವಾಸ

ಇಂದು ದೊಡ್ಡ ಸಂಸ್ಥೆಗಳಲ್ಲಿ ಮಾಹಿತಿ ಭದ್ರತೆಯ ಹೊಣೆ ಹೊತ್ತವರು ತಮ್ಮ ಭದ್ರತಾ ವಿನ್ಯಾಸಕ್ಕೆ ಆಧಾರವೆಂದು ಮುಂದಿಡುವ ತತ್ತ್ವಗಳಲ್ಲಿ ಬಹುಪಾಲನ್ನು, 1975ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಐಇಇಇ ಸಂಸ್ಥೆಯ ‘ಪ್ರೊಸೀಡಿಂಗ್ಸ್’ ಪತ್ರಿಕೆಯಲ್ಲಿ ಜೆರೋಮ್ ಸಾಲ್ಟ್ಜರ್ ಹಾಗೂ ಮೈಕೆಲ್ ಶ್ರೋಡರ್ ಪ್ರಕಟಿಸಿದ ದೀರ್ಘ ಪ್ರಬಂಧವೊಂದರಲ್ಲಿಯೇ ಕಾಣಬಹುದು. ಆ ಪ್ರಬಂಧದ ಖ್ಯಾತಿ ಎಲ್ಲರೂ ಬಲ್ಲುದೇ. ಆದರೆ ಅದರ ಎಂಟು ಸೂತ್ರಗಳಲ್ಲಿ ಅತಿ ಮುಖ್ಯವಾದುದೊಂದು ಸುಮಾರು ಎರಡು ದಶಕಗಳ ಕಾಲ ಸಂಸ್ಥೆಗಳ ವ್ಯವಹಾರದಲ್ಲಿ ಮರೆಯಾಗಿದ್ದು, ಬಳಿಕ ಬೇರೊಂದು ಹೆಸರನ್ನು ಧರಿಸಿ ಮರಳಿ ಬಂದ ವೃತ್ತಾಂತವು ಸಲ್ಲಬೇಕಾದಷ್ಟು ಗಮನವನ್ನು ಪಡೆದಿಲ್ಲವೆಂದು ನನ್ನ ಭಾವನೆ.

ಸೂತ್ರಗಳ ಮೂಲವನ್ನು ಅರಸುತ್ತ ಹೊರಟವನು ಮೆಸಾಚುಸೆಟ್ಸ್‌ನ ಎಂಐಟಿ ವಿದ್ಯಾಸಂಸ್ಥೆಯನ್ನು ತಲುಪುತ್ತಾನೆ. ಅಲ್ಲಿ ಫರ್ನಾಂಡೊ ಕೊರ್ಬಾಟೊ ಅವರೂ ಅವರ ಸಂಗಡಿಗರೂ 1961ರಲ್ಲಿ ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯು ಒಂದೇ ಗಣಕಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಂತೆ ಮಾಡಿತು. ಹಲವರು ಕೂಡಿದೆಡೆಯಲ್ಲಿ ಒಬ್ಬನ ಬರೆಹವನ್ನು ಇನ್ನೊಬ್ಬನಿಂದ ಕಾಯುವ ಅಗತ್ಯವೂ ಅಂದೇ ಹುಟ್ಟಿತು. ಆ ದಶಕದಲ್ಲಿಯೇ ಅಲ್ಲಿ ಘಟಿಸಿದ ಒಂದು ಪ್ರಮಾದ ಸ್ಮರಣೀಯವಾದುದು. ನಿರ್ವಾಹಕರಿಬ್ಬರು ಒಂದೇ ವೇಳೆಯಲ್ಲಿ, ಒಬ್ಬರು ದಿನದ ಪ್ರಕಟಣೆಯನ್ನೂ ಮತ್ತೊಬ್ಬರು ಸಮಸ್ತ ಬಳಕೆದಾರರ ಪಾಸ್‌ವರ್ಡ್‌ಗಳ ಕಡತವನ್ನೂ ತಿದ್ದುತ್ತಿದ್ದಾಗ, ತಿದ್ದುವ ತಂತ್ರಾಂಶವು ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿದ್ದರಿಂದ ಎರಡೂ ಅದಲುಬದಲಾಗಿ, ಅನಂತರ ಒಳಬಂದ ಪ್ರತಿಯೊಬ್ಬನ ಮುಂದೆಯೂ ಪ್ರಕಟಣೆಗೆ ಬದಲಾಗಿ ಪಾಸ್‌ವರ್ಡ್‌ಗಳ ಪಟ್ಟಿಯೇ ಅಚ್ಚಾಗತೊಡಗಿತು. ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿಯೂ ಈ ಪ್ರಸಂಗವನ್ನು ಮುಚ್ಚಿಡದೆ ಹೇಳಿದರು. ಅನೇಕರು ಹಂಚಿಕೊಳ್ಳುವ ಯಂತ್ರಾಂಗಗಳು ಆದಷ್ಟು ಕಡಿಮೆಯಿರಲಿ ಎಂಬ ಸೂತ್ರವನ್ನು ಓದುವಾಗಲೆಲ್ಲ ನನಗೆ ಈ ಘಟನೆಯೇ ಅದರ ಭಾಷ್ಯವೆಂದು ತೋರುತ್ತದೆ.

ಸಿಟಿಎಸ್‌ಎಸ್‌ನ ಉತ್ತರಾಧಿಕಾರಿಯಾಗಿ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಪ್ರಯೋಗಾಲಯಗಳು ಕೂಡಿ ಆರಂಭಿಸಿದ ಮಲ್ಟಿಕ್ಸ್‌ನಲ್ಲಿ ರಕ್ಷಣೆಯು ಮೊದಲ ದಿನದಿಂದಲೇ ವಿನ್ಯಾಸದ ಅಂಗವಾಗಿತ್ತು. 1974ರಲ್ಲಿ ಸಾಲ್ಟ್ಜರ್ ಮಲ್ಟಿಕ್ಸ್ ಕುರಿತು ಬರೆದಾಗ ತತ್ತ್ವಗಳು ಐದಿದ್ದವು. ಮರುವರ್ಷ ಶ್ರೋಡರ್ ಜೊತೆಗೂಡಿ ಬರೆದಾಗ ಎಂಟಾದವು. ರಚನೆ ಸರಳವಾಗಿರಲಿ, ಅನುಮತಿ ಸ್ಪಷ್ಟವಾಗಿಲ್ಲದೆಡೆ ನಿರಾಕರಣೆಯೇ ನಿಯಮವಾಗಿರಲಿ, ಪ್ರತಿಯೊಂದು ಪ್ರವೇಶವನ್ನೂ ಪ್ರತಿಸಲವೂ ಪರಿಶೀಲಿಸತಕ್ಕದ್ದು, ವಿನ್ಯಾಸವು ಗುಟ್ಟಾಗಿರಬಾರದು, ಮಹತ್ತ್ವದ ಅಧಿಕಾರವು ಒಬ್ಬನ ಕೈಯಲ್ಲೇ ಉಳಿಯದಿರಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ದೊರೆಯಲಿ, ಹಂಚಿಕೆಯ ಯಂತ್ರಾಂಗಗಳು ಕಡಿಮೆಯಿರಲಿ, ರಕ್ಷಣೆಯು ಮನುಷ್ಯನ ಮನಸ್ಸಿಗೆ ಒಗ್ಗಲಿ. ಲೇಖಕರು ಇವೆಲ್ಲವನ್ನೂ ತಮ್ಮ ಸ್ವಂತ ಸೃಷ್ಟಿಯೆಂದು ಸಾರಲಿಲ್ಲ. ಬ್ಯಾಂಕಿನ ಪೆಟ್ಟಿಗೆಗೆ ಇರುವಂತೆ ಎರಡು ಬೀಗದಕೈಗಳಿರಬೇಕೆಂಬ ವಿಚಾರವನ್ನು ರೋಜರ್ ನೀಡಮ್ ಅವರಿಗೂ, ಅನುಮತಿಯೇ ಆಧಾರವಾಗಲೆಂಬುದನ್ನು ಗ್ಲೇಸರ್ ಅವರಿಗೂ ಸಲ್ಲಿಸಿದ ಆ ಪ್ರಾಮಾಣಿಕತೆ ಅನುಕರಣೀಯವಾದುದು.

ಈ ಎಂಟರಲ್ಲಿ ಮೂರನೆಯದು, ಪ್ರತಿ ಪ್ರವೇಶದ ಪರಿಶೀಲನೆ, ಉಳಿದವುಗಳ ಆಧಾರಸ್ತಂಭ. ಅಮೆರಿಕದ ವಾಯುಪಡೆಗಾಗಿ ಜೇಮ್ಸ್ ಆಂಡರ್ಸನ್ 1972ರಲ್ಲಿ ಸಿದ್ಧಪಡಿಸಿದ ವರದಿಯೂ ಇದನ್ನೇ ಪ್ರತಿಪಾದಿಸಿತ್ತು: ಪರಿಶೀಲಿಸುವ ಅಂಗವನ್ನು ಯಾರೂ ತಿರುಚಲಾಗಬಾರದು, ಅದನ್ನು ತಪ್ಪಿಸಿ ಹೋಗಲು ಯಾರಿಗೂ ಸಾಧ್ಯವಾಗಬಾರದು, ಮತ್ತು ಅದು ಪೂರ್ಣವಾಗಿ ಪರೀಕ್ಷಿಸಬಹುದಾದಷ್ಟು ಚಿಕ್ಕದಾಗಿರಬೇಕು. ಹೇಳುವುದು ಸುಲಭ, ಸಾಧಿಸುವುದು ಕಠಿನ. ಪಾಲ್ ಕಾರ್ಗರ್ ಮತ್ತು ರೋಜರ್ ಶೆಲ್, 1974ರಲ್ಲಿ ವರದಿಯಾದ ತಮ್ಮ ಪರೀಕ್ಷೆಯಲ್ಲಿ ಮಲ್ಟಿಕ್ಸನ್ನು ಭೇದಿಸಲು ಯತ್ನಿಸಿದಾಗ, ಒಂದು ವಿಶಿಷ್ಟ ಸನ್ನಿವೇಶದಲ್ಲಿ ಯಂತ್ರವೇ ಪರಿಶೀಲನೆಯನ್ನು ಬಿಟ್ಟುಬಿಡುತ್ತಿದ್ದುದನ್ನು, ನಿಷಿದ್ಧ ಪ್ರವೇಶಗಳನ್ನು ಮತ್ತೆಮತ್ತೆ ಯತ್ನಿಸುವ ತಂತ್ರಾಂಶವೊಂದರ ನೆರವಿನಿಂದ ಕಂಡುಹಿಡಿದರು.

1990ರ ದಶಕದಲ್ಲಿ ಸಂಸ್ಥೆಗಳು ಇಂಟರ್‌ನೆಟ್ಟಿಗೆ ಸೇರಿದಾಗ ಈ ತತ್ತ್ವದ ಅಜ್ಞಾತವಾಸ ಮೊದಲಾಯಿತು. ಸಾವಿರಾರು ಯಂತ್ರಗಳಲ್ಲಿ ಒಂದೊಂದನ್ನೂ ಕಾಯುವುದು ಅಸಾಧ್ಯವೆನಿಸಿದ್ದರಿಂದ ಗಡಿಯಲ್ಲಿ ಫೈರ್‌ವಾಲ್ ನಿಲ್ಲಿಸಿ, ಒಳಗಿರುವವರೆಲ್ಲ ನಂಬಿಕಸ್ಥರೆಂದು ಭಾವಿಸುವ ಪದ್ಧತಿ ಬೇರೂರಿತು. ಈ ಕ್ರಮದ ಒಳದೌರ್ಬಲ್ಯವನ್ನು ಫೈರ್‌ವಾಲ್‌ಗಳ ಆದ್ಯರಲ್ಲೊಬ್ಬರಾದ ಬೆಲ್ ಪ್ರಯೋಗಾಲಯದ ಬಿಲ್ ಚೆಸ್ವಿಕ್ 1990ರಲ್ಲಿಯೇ ಒಪ್ಪಿಕೊಂಡು ಬರೆದಿದ್ದರು. ಆ ಎಚ್ಚರಿಕೆಯನ್ನು ಕೇಳಿದವರು ವಿರಳ. ಅನುಕೂಲವೇ ಸಿದ್ಧಾಂತದ ಪೀಠವನ್ನೇರಿತು. ಮಾಹಿತಿ ಭದ್ರತೆಗೆಂದೇ ಉನ್ನತಾಧಿಕಾರಿಯೊಬ್ಬರನ್ನು ನೇಮಿಸುವ ಪರಿಪಾಟಿ, 1990ರ ದಶಕದ ಮಧ್ಯದಲ್ಲಿ ಸಿಟಿಕಾರ್ಪ್ ಬ್ಯಾಂಕು ಸ್ಟೀವ್ ಕಾಟ್ಜ್ ಅವರನ್ನು ಕರೆತಂದುದರಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಗಣಿಸುತ್ತಾರೆ. ಹೀಗಾಗಿ ಆ ಹುದ್ದೆಯ ಮೊದಲ ತಲೆಮಾರು ಗಡಿಯ ಕಲ್ಪನೆಯಲ್ಲಿಯೇ ಬೆಳೆಯಿತು.

2004ರಲ್ಲಿ ಜೆರಿಕೊ ಫೋರಂ ಎಂಬ ಭದ್ರತಾಧಿಕಾರಿಗಳ ಕೂಟವು ಗಡಿಗಳು ಕರಗುತ್ತಿವೆಯೆಂದು ಸಾರಿತು. 2010ರಲ್ಲಿ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್‌ವಾಗ್, ಪರಿಶೀಲಿಸದೆ ಯಾರನ್ನೂ ನಂಬದಿರುವ ಕ್ರಮಕ್ಕೆ ‘ಝೀರೋ ಟ್ರಸ್ಟ್’ ಎಂಬ ಹೆಸರನ್ನು ಪ್ರಚುರಪಡಿಸಿದರು. 2009ರಲ್ಲಿ ದಾಳಿಗೊಳಗಾದ ಗೂಗಲ್, ಒಳಜಾಲದಲ್ಲಿರುವುದೇ ವಿಶ್ವಾಸಕ್ಕೆ ಅರ್ಹತೆಯೆಂಬುದನ್ನು ಕೈಬಿಟ್ಟು, ಪ್ರತಿ ಕೋರಿಕೆಯಲ್ಲಿಯೂ ಬಳಕೆದಾರನನ್ನೂ ಅವನ ಉಪಕರಣವನ್ನೂ ಪರಿಶೀಲಿಸುವ ‘ಬಿಯಾಂಡ್‌ಕಾರ್ಪ್’ ಕ್ರಮವನ್ನು 2014ರಲ್ಲಿ ವಿವರಿಸಿತು. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2020ರಲ್ಲಿ ಝೀರೋ ಟ್ರಸ್ಟ್ ವಿನ್ಯಾಸದ ಕೈಪಿಡಿಯನ್ನು ಹೊರತಂದಿತು. ಅದನ್ನು 1975ರ ಪ್ರಬಂಧದ ಪಕ್ಕದಲ್ಲಿಟ್ಟು ಓದಿದರೆ, ಮಲ್ಟಿಕ್ಸ್‌ನಲ್ಲಿ ಒಂದೇ ಯಂತ್ರದೊಳಗೆ ನಡೆಯುತ್ತಿದ್ದ ಪರಿಶೀಲನೆಯು ಇಲ್ಲಿ ಇಡೀ ಸಂಸ್ಥೆಗೆ ವಿಸ್ತರಿಸಿರುವುದು ನಿಸ್ಸಂಶಯವಾಗಿ ಗೋಚರಿಸುತ್ತದೆ. ಹೊಸತೇನಾದರೂ ಇದ್ದರೆ ಅದು ಅಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ನೆರವೇರಿಸುವ ಶಕ್ತಿ ಮಾತ್ರ.

ರಕ್ಷಣೆಯು ಮನುಷ್ಯನ ಮನಸ್ಸಿಗೆ ಒಗ್ಗಲಿ ಎಂಬ ಎಂಟನೆಯ ಸೂತ್ರದ ಗತಿ ಇದಕ್ಕಿಂತ ಶೋಚನೀಯ. 1883ರಲ್ಲಿಯೇ ಆಗಸ್ಟ್ ಕೆರ್ಕ್‌ಹಾಫ್ಸ್ ಸೈನಿಕ ಗೂಢಲಿಪಿಗೆ ವಿಧಿಸಿದ ಆರು ನಿಯಮಗಳಲ್ಲಿ ಎರಡನೆಯದು, ವ್ಯವಸ್ಥೆ ಶತ್ರುವಿನ ಕೈಸೇರಿದರೂ ಕೇಡಾಗಬಾರದೆಂಬುದು, ಪ್ರಸಿದ್ಧವಾಯಿತು; ಬಳಕೆಯು ಸುಲಭವಾಗಿದ್ದು ಬುದ್ಧಿಯನ್ನು ದಣಿಸಬಾರದೆಂಬ ಆರನೆಯದನ್ನು ಲೋಕ ಮರೆಯಿತು. ಪಾಸ್‌ವರ್ಡನ್ನು ನಿಯತಕಾಲಕ್ಕೆ ಬದಲಿಸಲೇಬೇಕೆಂಬ ಕಟ್ಟಳೆಯು ನೌಕರರನ್ನು ಕೊನೆಯ ಅಂಕಿಯೊಂದನ್ನಷ್ಟೇ ಹೆಚ್ಚಿಸುವ ಉಪಾಯಕ್ಕೆ ದೂಡುತ್ತದೆಂಬುದು ಕಚೇರಿಯಲ್ಲಿ ದುಡಿದವರಿಗೆಲ್ಲ ತಿಳಿದ ಸಂಗತಿ. ಆದರೂ ಕಾರಣವಿಲ್ಲದೆ ಹಾಗೆ ಬಲವಂತಪಡಿಸಬಾರದೆಂದು ಎನ್‌ಐಎಸ್‌ಟಿ ತನ್ನ ಮಾರ್ಗಸೂಚಿಯಲ್ಲಿ ಬರೆದುದು 2017ರಲ್ಲಿ, ಸಾಲ್ಟ್ಜರ್ ಮತ್ತು ಶ್ರೋಡರ್ ಅವರ ಪ್ರಬಂಧ ಪ್ರಕಟವಾಗಿ 42 ವರ್ಷಗಳು ಕಳೆದ ಮೇಲೆ.