ಚಪ್ಪಲಿ ಹೊಲೆಯುವವನಿಗೆ ಯೋಚನೆ ಮಾಡಲು ಪುರುಸೊತ್ತು ಎಲ್ಲಿದೆ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

"ಹೊಟ್ಟೆಗಿಲ್ಲದ ಜನಕ್ಕೆ ತತ್ವಶಾಸ್ತ್ರ ಯಾಕ್ರೀ? ಮೊದಲು ಭೂಮಿ, ಕೆಲಸ, ಮನೆ ಕೊಡಿಸಿ." ನಮ್ಮ ಅಧ್ಯಯನ ಶಿಬಿರಗಳ ಬಗ್ಗೆ ಈ ಮಾತನ್ನು ವಿರೋಧಿಗಳು ಮಾತ್ರ ಹೇಳಲ್ಲ, ನಮ್ಮ ಪರ ಇರುವವರೂ ಹೇಳ್ತಾರೆ. ಕಾಳಜಿಯಿಂದಲೇ ಹೇಳ್ತಾರೆ. ಆದರೆ ಈ ಕಾಳಜಿಯ ಬೇರು ಬಹಳ ಹಳೆಯದು.

ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ಪ್ಲೇಟೋ ತನ್ನ 'ರಿಪಬ್ಲಿಕ್'ನಲ್ಲಿ ಆದರ್ಶ ರಾಜ್ಯ ಕಟ್ಟಿದ. ಅಲ್ಲಿ ಒಬ್ಬನಿಗೆ ಒಂದೇ ಕೆಲಸ. ಚಪ್ಪಲಿ ಹೊಲೆಯುವವನು ಚಪ್ಪಲಿ ಮಾತ್ರ ಹೊಲೀಬೇಕು. ಯಾಕಂದ್ರೆ ಕೆಲಸ ಕಾಯಲ್ಲ, ಅವನಿಗೆ ಬೇರೆಯದಕ್ಕೆ ಪುರುಸೊತ್ತಿಲ್ಲ. ಇದನ್ನು ಜನ ಒಪ್ಪಲಿ ಅಂತ ಒಂದು ಕತೆ: ದೇವರು ಆಳುವವರಲ್ಲಿ ಚಿನ್ನ, ಕಾವಲಿನವರಲ್ಲಿ ಬೆಳ್ಳಿ, ರೈತ-ಕಸುಬಿನವರಲ್ಲಿ ಕಬ್ಬಿಣ, ಕಂಚು ಬೆರೆಸಿದ್ದಾನಂತೆ. ಇದು ಸುಳ್ಳು ಅಂತ ಪ್ಲೇಟೋನೇ ಒಪ್ತಾನೆ. ಬಾಯಿ, ತೋಳು, ತೊಡೆ, ಪಾದದ ಕತೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ.

ಫ್ರಾನ್ಸಿನ ಜಾಕ್ ರಾನ್ಸಿಯೇರ್ 1983ರಲ್ಲಿ 'ತತ್ವಜ್ಞಾನಿ ಮತ್ತು ಅವನ ಬಡವರು' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ಅವರು ತೋರಿಸಿದ್ದು ಇದು: ಪ್ಲೇಟೋನ ಚಮ್ಮಾರ ಎಲ್ಲೂ ಹೋಗಿಲ್ಲ. ಬಡವರ ಪರ ಬರೆದ ಮಾರ್ಕ್ಸ್, ಸಾರ್ತ್ರ್, ಬೋರ್ದಿಯು ಪುಸ್ತಕಗಳಲ್ಲೂ ಅವನು ದುಡೀತಾನೆ, ನೋವು ತಿಂತಾನೆ. ಅವನ ಪರವಾಗಿ ಯೋಚಿಸುವವರು ಮಾತ್ರ ಬೇರೆಯವರು.

ರಾನ್ಸಿಯೇರ್ ಇಲ್ಲಿಗೆ ಬಂದ ದಾರಿ ನೋಡಿ. ಹುಟ್ಟಿದ್ದು 1940ರಲ್ಲಿ, ಅಲ್ಜೀರಿಯಾದಲ್ಲಿ. ಪ್ಯಾರಿಸ್ಸಿನಲ್ಲಿ ದೊಡ್ಡ ಮಾರ್ಕ್ಸ್‌ವಾದಿ ಲೂಯಿ ಆಲ್ತುಸೇರ್ ಅವರ ಶಿಷ್ಯ. ಗುರುವಿನ ಜೊತೆ 1965ರ ಪ್ರಸಿದ್ಧ ಗ್ರಂಥದಲ್ಲಿ ಅಧ್ಯಾಯ ಬರೆದವರು. 1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು, ಲಕ್ಷಾಂತರ ಕಾರ್ಮಿಕರು ಬೀದಿಗಿಳಿದ ಮೇಲೆ ಅವರಿಗೆ ಗುರುವಿನ ಪಾಠ ರುಚಿಸಲಿಲ್ಲ. ಜನ ಭ್ರಮೆಯಲ್ಲಿದ್ದಾರೆ, ಸತ್ಯ ಗೊತ್ತಿರೋದು ಪಂಡಿತರಿಗೆ ಅನ್ನೋ ಧೋರಣೆ ಮೇಷ್ಟರ ಅಧಿಕಾರವನ್ನೇ ಕಾಯುತ್ತೆ ಅಂತ 1974ರಲ್ಲಿ ಪುಸ್ತಕ ಬರೆದು ಮುರಿದುಕೊಂಡರು.

ಆಮೇಲೆ ಹಳೇ ಕಡತಗಳಿಗೆ ಕೈ ಹಾಕಿದರು. 1830-40ರ ದಶಕದ ಫ್ರೆಂಚ್ ಕಾರ್ಮಿಕರ ಪತ್ರ, ಪದ್ಯ, ಪತ್ರಿಕೆಗಳು. ಅದರಿಂದ ಬಂದದ್ದು 1981ರ 'ಕಾರ್ಮಿಕರ ರಾತ್ರಿ'. ಹಗಲೆಲ್ಲ ದುಡಿದವನು ರಾತ್ರಿ ಮಲಗಬೇಕು, ಬೆಳಿಗ್ಗೆ ಮತ್ತೆ ದುಡಿಯೋಕೆ ತಯಾರಾಗಬೇಕು. ಇವರು ಮಲಗಲಿಲ್ಲ. ಓದಿದರು, ಬರೆದರು, ವಾದ ಮಾಡಿದರು. 1840ರಿಂದ 1850ರವರೆಗೆ 'ಲಾತೆಲಿಯೇ' ಅಂದ್ರೆ 'ಕಾರ್ಖಾನೆ' ಅನ್ನೋ ಪತ್ರಿಕೆಯನ್ನು ಕಾರ್ಮಿಕರೇ ನಡೆಸಿದರು. ಬಟ್ಟೆ ಹೊಲಿಯುತ್ತಿದ್ದ ಝಾನ್ ದೆರ್ವಾಂ ಹೆಂಗಸರಿಗೆ ಓಟೇ ಇಲ್ಲದಿದ್ದ 1849ರಲ್ಲಿ ಚುನಾವಣೆಗೆ ನಿಲ್ಲೋಕೆ ಹೊರಟಳು.

ಗೋನಿ ಅಂತ ಒಬ್ಬ ಬಡಗಿ. ಶ್ರೀಮಂತರ ಮನೆಗೆ ಮರದ ನೆಲ ಹಾಕುವ ಕೆಲಸ. ನೆಲ ಮುಗಿಯುವ ತನಕ ಆ ಕೋಣೆ ತನ್ನದೇ ಅಂದುಕೊಂಡು, ಕೈ ನಿಲ್ಲಿಸಿ, ಕಿಟಕಿಯಾಚೆ ನೋಡ್ತಿದ್ದ. ಆ ನೋಟವನ್ನು ಒಡೆಯರಿಗಿಂತ ಚೆನ್ನಾಗಿ ಸವಿಯುವುದನ್ನು ಬರೆದಿಟ್ಟ. ಕೈ ಒಡೆಯನದಾದರೂ ಕಣ್ಣು ತನ್ನದು. ಕೋಣೆ ಸಿಗಲಿಲ್ಲ ನಿಜ. ಆದರೆ ತನ್ನ ಜಾಗ ಇಷ್ಟೇ ಅನ್ನೋದನ್ನು ಅವನು ಒಪ್ಪಲಿಲ್ಲ. ರಾನ್ಸಿಯೇರ್ ಪಾಲಿಗೆ ಬಿಡುಗಡೆ ಶುರುವಾಗೋದೇ ಅಲ್ಲಿ. ಸಮಾನತೆ ಎಂದೋ ತಲುಪುವ ಊರಲ್ಲ, ಹೊರಡುವ ಜಾಗ.

ಗೆಳೆಯರೇ, ಇಲ್ಲಿ ಬಾಬಾಸಾಹೇಬರನ್ನು ನೆನೆಯಲೇಬೇಕು. 1936ರ 'ಜಾತಿ ವಿನಾಶ'ದಲ್ಲಿ ಅವರು ಚಾತುರ್ವರ್ಣ್ಯದ ಜೊತೆಗೇ ಪ್ಲೇಟೋನನ್ನೂ ವಿಚಾರಣೆಗೆ ನಿಲ್ಲಿಸಿದ್ದಾರೆ. ಪ್ರತಿ ಮನುಷ್ಯನೂ ಬೇರೆ ಬೇರೆ, ಕೋಟ್ಯಂತರ ಜನರನ್ನು ಮೂರು-ನಾಲ್ಕು ಗೂಡಿಗೆ ತುಂಬೋಕಾಗಲ್ಲ ಅನ್ನೋದು ಅವರ ವಾದ. ರಾನ್ಸಿಯೇರ್ ಪುಸ್ತಕಕ್ಕಿಂತ 47 ವರ್ಷ ಮೊದಲು! ಪ್ಯಾರಿಸ್ಸಿನಿಂದ ಬಂದದ್ದು ಮಾತ್ರ ಥಿಯರಿ, ನಮ್ಮದು ಬರೀ ಅನುಭವ ಅನ್ನೋರು ಇದನ್ನು ಗಮನಿಸಲಿ.

ಹಾಗಂತ ರಾನ್ಸಿಯೇರ್‌ರನ್ನು ಹಾಗೇ ಎತ್ತಿಕೊಳ್ಳೋಕೂ ಆಗಲ್ಲ. ಪ್ಲೇಟೋನ ಕತೆಯಲ್ಲಿ ಕಬ್ಬಿಣದ ಅಪ್ಪನಿಗೆ ಚಿನ್ನದ ಮಗ ಹುಟ್ಟಿದರೆ ಅವನನ್ನು ಮೇಲಕ್ಕೆ ತರಬೇಕು. ಮನುವಿನಲ್ಲಿ ಆ ಬಾಗಿಲೂ ಇಲ್ಲ. ಗೋನಿಯಿಂದ ಕಸಿದುಕೊಂಡದ್ದು ಸಮಯ. ನಮ್ಮಿಂದ ಕಸಿದುಕೊಂಡದ್ದು ಸಮಯದ ಜೊತೆಗೆ ಅಕ್ಷರ, ನೀರು, ಬೀದಿ.

ಇನ್ನೊಂದು ಅಪಾಯ. 1987ರ ಪುಸ್ತಕದಲ್ಲಿ ರಾನ್ಸಿಯೇರ್ ಜಾಕೊತೋ ಎಂಬ ಮೇಷ್ಟರ ಕತೆ ಹೇಳ್ತಾರೆ. 1818ರಲ್ಲಿ ಬೆಲ್ಜಿಯಂನ ಲುವೆನ್‌ನಲ್ಲಿ, ಮೇಷ್ಟರಿಗೆ ಹುಡುಗರ ಭಾಷೆ ಬರಲ್ಲ, ಹುಡುಗರಿಗೆ ಫ್ರೆಂಚ್ ಬರಲ್ಲ. ಎರಡೂ ಭಾಷೆ ಇದ್ದ ಒಂದು ಪುಸ್ತಕ ಕೊಟ್ಟ, ಹುಡುಗರು ತಾವೇ ಫ್ರೆಂಚ್ ಕಲಿತರು. ಬುದ್ಧಿ ಎಲ್ಲರಿಗೂ ಸಮ ಅನ್ನೋದು ಪಾಠ. ಇದನ್ನೇ ಹಿಡಿದು "ಹಾಗಾದ್ರೆ ಹಾಸ್ಟೆಲ್ ಯಾಕೆ, ಸ್ಕಾಲರ್‌ಶಿಪ್ ಯಾಕೆ, ಮೀಸಲಾತಿ ಯಾಕೆ?" ಅನ್ನೋರು ಬರ್ತಾರೆ. ಅವರಿಗೆ ಹೇಳಿ: ಜಾಕೊತೋ ಹುಡುಗರ ಕೈಯಲ್ಲಿ ಪುಸ್ತಕ ಇತ್ತು, ಕೂರೋಕೆ ಜಾಗ ಇತ್ತು. ಬುದ್ಧಿ ಸಮ ಇರೋದಕ್ಕೇ ಅವಕಾಶ ಸಮ ಇರಬೇಕು ಅಂತ ಕೇಳ್ತಿರೋದು.

ಹಗಲು ಆಫೀಸಿನಲ್ಲಿ ಫೈಲು, ಗಾರೆ ಕೆಲಸ, ಪೌರಕಾರ್ಮಿಕರ ಪೊರಕೆ, ಗಾರ್ಮೆಂಟ್ಸ್ ಮೆಷಿನ್ನು. ರಾತ್ರಿ ಸಿಗೋದು ಒಂದೋ ಎರಡೋ ಗಂಟೆ. ಭೂಮಿಗೂ ಕೂಲಿಗೂ ಹೋರಾಟ ನಡೆದೇ ನಡೆಯುತ್ತೆ. ಆದರೆ ಆ ಎರಡು ಗಂಟೆ ನಮ್ಮದು. ಅನ್ನ ಸಿಕ್ಕ ಮೇಲೆ ಓದಿ ಅನ್ನೋರಿಗೆ ಕೈ ಮುಗಿದು ಹೇಳಿ: ಎರಡನ್ನೂ ಒಟ್ಟಿಗೇ ತಗೋತೀವಿ. ಬಾಬಾಸಾಹೇಬರು 'ಶಿಕ್ಷಣ'ವನ್ನು ಮೊದಲು ಇಟ್ಟದ್ದು ಸುಮ್ಮನೆ ಅಲ್ಲ.

ಜೈಭೀಮ್.