ಹಳೆಯ ಮೈ, ಹೊಸ ಎಂಜಿನ್: ಒಬ್ಬ ಮೇಷ್ಟರ ಕಾರಿನ ಕಥೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಜಾವಾ ಮೋಟಾರ್ ಸೈಕಲ್ ಏರಿ ಮನೆಗೆ ಬಂದಿದ್ದ. ಗೇಟಿನ ಬಳಿ ನಿಂತ ಗಾಡಿಯನ್ನು ಕಂಡೊಡನೆ ನನ್ನ ಹರೆಯದ ದಿನಗಳು ಕಣ್ಮುಂದೆ ಸುಳಿದವು. ಅದೇ ಕಡುಗೆಂಪು ಬಣ್ಣ, ಪೆಟ್ರೋಲ್ ಟ್ಯಾಂಕಿನ ಮೇಲೆ ಅದೇ ಹೊಳಪು, ಎಡಕ್ಕೊಂದು ಬಲಕ್ಕೊಂದು ಹಿಂದಕ್ಕೆ ಚಾಚಿದ ಅದೇ ಜೋಡಿ ಸೈಲೆನ್ಸರ್. ಆದರೆ ಅವನು ಅದನ್ನು ಚಾಲೂ ಮಾಡಿದಾಗ ನನ್ನ ಕಿವಿ ಕಾಯುತ್ತಿದ್ದ ಸದ್ದು ಬರಲಿಲ್ಲ. ಮೂಗು ಕಾಯುತ್ತಿದ್ದ ಎಣ್ಣೆ ಸುಟ್ಟ ವಾಸನೆಯೂ ಬರಲಿಲ್ಲ. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ ಜಾವಾ ಮತ್ತು ಯೆಜ್ಡಿ ಗಾಡಿಗಳಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕಾಗಿತ್ತು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿ ಗೇರು ಬದಲಿಸಬೇಕಾಗಿತ್ತು. 2018ರಲ್ಲಿ ಹೊಸ ಕಂಪನಿಯೊಂದು ಮರಳಿ ತಂದ ಜಾವಾದಲ್ಲಿ 293 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್, ಅದನ್ನು ತಣ್ಣಗಿಡಲು ರೇಡಿಯೇಟರ್, ಗುಂಡಿ ಒತ್ತಿದರೆ ಸ್ಟಾರ್ಟ್. ತಯಾರಾಗುವುದೂ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ.

“ಹಾಗಾದರೆ ಇದು ಜಾವಾ ಹೌದೋ, ಅಲ್ಲವೋ?” ಎಂದು ಕೇಳಿದೆ. “ಹೆಸರು ಜಾವಾ ಅಂತಾನೇ ಇದೆಯಲ್ಲ ಸಾರ್” ಎಂದು ನಕ್ಕ. ತರಗತಿಯಲ್ಲಿಯೂ ಅವನ ಉತ್ತರಗಳು ಹೀಗೆಯೇ ಇರುತ್ತಿದ್ದವು. ಅಂಕ ಕಳೆಯಲೂ ಆಗದು, ಕೊಡಲೂ ಮನಸ್ಸಾಗದು.

ಅವನು ಹೋದ ಮೇಲೆ, ಇದೇ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ತನ್ನ ಮೇಷ್ಟರ ಕೆಲಸವನ್ನೇ ಬಿಟ್ಟ ಅಮೆರಿಕದ ಒಬ್ಬ ಹೈಸ್ಕೂಲು ಅಧ್ಯಾಪಕರ ವೃತ್ತಾಂತ ನೆನಪಾಯಿತು. ಅವರ ಹೆಸರು ಗ್ಲೆನ್ ಪ್ರೇ. ಓಕ್ಲಹೋಮ ಸಂಸ್ಥಾನದ ಟಲ್ಸಾ ನಗರದಲ್ಲಿ ಮಕ್ಕಳಿಗೆ ಮೋಟಾರು ರಿಪೇರಿಯ ಕಸುಬನ್ನು ಕಲಿಸುತ್ತಿದ್ದವರು. ಅವರ ಕಥೆ ತಿಳಿಯಬೇಕಾದರೆ ಮೊದಲು ಅವರು ಮನಸೋತ ಕಾರಿನ ಕಥೆ ತಿಳಿಯಬೇಕು.

ಆ ಕಾರು ಕಾರ್ಡ್ 810. ಎರೆಟ್ ಲಾಬನ್ ಕಾರ್ಡ್ ಎಂಬ ಉದ್ಯಮಿಯ ಕೈಯಲ್ಲಿ ಆಬರ್ನ್, ಡ್ಯೂಸೆನ್‌ಬರ್ಗ್ ಮತ್ತು ಕಾರ್ಡ್ ಎಂಬ ಮೂರು ಹೆಸರಿನ ಕಾರುಗಳಿದ್ದವು. ಗಾರ್ಡನ್ ಬ್ಯೂರಿಗ್ ಎಂಬ ವಿನ್ಯಾಸಕಾರರು ರೂಪಿಸಿದ ಕಾರ್ಡ್ 810 ಅನ್ನು 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೋಟಾರು ಪ್ರದರ್ಶನದಲ್ಲಿ ಮೊದಲು ತೋರಿಸಿದಾಗ, ಅದನ್ನು ನೋಡಲು ಜನ ಪಕ್ಕದ ಕಾರುಗಳ ಬಂಪರುಗಳ ಮೇಲೆ ಹತ್ತಿ ನಿಂತರಂತೆ. ಅಂದಿನ ಕಾರುಗಳಲ್ಲಿ ಹೆಡ್‌ಲೈಟುಗಳು ಕಪ್ಪೆಯ ಕಣ್ಣಿನಂತೆ ಹೊರಗೆ ಉಬ್ಬಿರುತ್ತಿದ್ದವು. ಇದರಲ್ಲಿ ಅವು ಮಡ್‌ಗಾರ್ಡುಗಳ ಒಳಗೆ ಅಡಗಿದ್ದು, ಬೇಕೆಂದಾಗ ಕೈಯಿಂದ ಹಿಡಿ ತಿರುಗಿಸಿ ಹೊರಗೆ ತರಬೇಕಿತ್ತು. ಬಾಗಿಲಿನ ಕೆಳಗಿನ ಕಾಲುಮೆಟ್ಟು ಇರಲಿಲ್ಲ. ಮುಂಭಾಗ ಉದ್ದಕ್ಕೆ, ಚಪ್ಪಟೆಯಾಗಿ, ಅಡ್ಡಗೆರೆಗಳಿಂದ ಸುತ್ತುವರಿದು ಎಷ್ಟು ವಿಚಿತ್ರವಾಗಿತ್ತೆಂದರೆ ಜನ ಅದಕ್ಕೆ ‘ಶವಪೆಟ್ಟಿಗೆಯ ಮೂಗು’ ಎಂದು ಹೆಸರಿಟ್ಟರು. ಇಂಥ ಹೆಸರು ಹೊತ್ತೂ ಅದು ಸುಂದರವಾಗಿತ್ತು ಎಂಬುದಕ್ಕೆ ಸಾಕ್ಷಿ ಬೇಕಾದರೆ, 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಲಾಕೃತಿಗಳೆಂದು ಪ್ರದರ್ಶಿಸಿದ ಎಂಟು ಕಾರುಗಳಲ್ಲಿ ಈ ಮಾದರಿಯದೂ ಒಂದು ಇತ್ತು.

ಆದರೆ ಹೊರಮೈಯ ಕಥೆ ಬೇರೆ, ಒಳಗಿನ ಕಥೆ ಬೇರೆ. ಆಗಿನ ಕಾರುಗಳಲ್ಲಿ ಬಹುಪಾಲು ಎಂಜಿನ್ನಿನ ಬಲ ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಎತ್ತಿನ ಗಾಡಿಯನ್ನು ಹಿಂದಿನಿಂದ ನೂಕಿದಂತೆ ಎನ್ನಬಹುದು. ಕಾರ್ಡ್ 810ರಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತಿದ್ದವು. ಉದ್ದನೆಯ ದಂಡ ತಪ್ಪಿದ್ದರಿಂದ ನೆಲಹಾಸು ಕೆಳಗಿಳಿಯಿತು, ಇಡೀ ಕಾರು ನೆಲಕ್ಕೆ ಹತ್ತಿರವಾಯಿತು. ಆ ಸೌಂದರ್ಯ ಹುಟ್ಟಿದ್ದೇ ಈ ತಂತ್ರದಿಂದ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ದುರದೃಷ್ಟವೆಂದರೆ ಎಲ್ಲವನ್ನೂ ಅವಸರದಲ್ಲಿ ಮಾಡಲಾಗಿತ್ತು. ಪ್ರದರ್ಶನಕ್ಕೆ ಪ್ರವೇಶ ದೊರೆಯಬೇಕಾದರೆ ನೂರು ಕಾರುಗಳು ಸಿದ್ಧವಿರಬೇಕೆಂಬ ನಿಯಮವಿತ್ತು. ಕಾರುಗಳೇನೋ ಸಿದ್ಧವಾದವು, ಆದರೆ ಅವುಗಳೊಳಗೆ ಗೇರ್‌ಬಾಕ್ಸೇ ಇರಲಿಲ್ಲ! ನೋಡುವವರಿಗೆ ಅದು ಕಾಣುವುದಿಲ್ಲವಷ್ಟೆ. ಕ್ರಿಸ್‌ಮಸ್ಸಿಗೆ ಕೊಡುತ್ತೇವೆಂದು ಮುಂಗಡ ಪಡೆದವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಕೊನೆಗೂ ಬಂದ ಗೇರ್‌ಬಾಕ್ಸ್ ವಿದ್ಯುತ್ತಿನಿಂದ ನಿಯಂತ್ರಿತವಾದ ನವೀನ ಯಂತ್ರ. ಸ್ಟೀರಿಂಗಿನ ಬಳಿಯ ಪುಟ್ಟ ಸನ್ನೆಯಿಂದ ಮುಂದಿನ ಗೇರನ್ನು ಮೊದಲೇ ಆರಿಸಿಟ್ಟು, ಆಮೇಲೆ ಕ್ಲಚ್ ಒತ್ತಬೇಕು. ಅದು ಆಗಾಗ ತಾನಾಗಿಯೇ ಗೇರಿನಿಂದ ಜಾರುತ್ತಿತ್ತು. ಬೇಸಿಗೆಯಲ್ಲಿ ಎಂಜಿನ್ ಕಾದು, ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ, ಕಾರು ದಾರಿಯ ನಡುವೆ ನಿಲ್ಲುತ್ತಿತ್ತು. ಹೆಸರು ಕೆಟ್ಟಿತು. 1937ರಲ್ಲಿ ತಯಾರಿಕೆ ನಿಂತಾಗ ಒಟ್ಟು ಮೂರು ಸಾವಿರ ಕಾರುಗಳೂ ಆಗಿರಲಿಲ್ಲ.

ಇಲ್ಲಿಗೇ ಕಥೆ ಮುಗಿಯಬೇಕಿತ್ತು. ಆದರೆ ತಗಡನ್ನು ಒತ್ತಿ ಕಾರ್ಡಿನ ಆಕಾರಕ್ಕೆ ತರುತ್ತಿದ್ದ ಉಕ್ಕಿನ ಅಚ್ಚುಗಳು ಉಳಿದಿದ್ದವು. ಅವನ್ನು ಕೊಂಡವರು, ಆಗ ನಷ್ಟದಲ್ಲಿದ್ದ ಹಪ್ ಮತ್ತು ಗ್ರಹಾಂ ಎಂಬ ಎರಡು ಕಂಪನಿಗಳು ಸೇರಿ ಅದೇ ಮೈಯಿಂದ ಹೊಸ ಕಾರು ಮಾಡುವಂತೆ ಏರ್ಪಾಡು ಮಾಡಿದರು. ಹಪ್ ಸ್ಕೈಲಾರ್ಕ್, ಗ್ರಹಾಂ ಹಾಲಿವುಡ್ ಎಂಬ ಈ ಕಾರುಗಳಲ್ಲಿ ಎಂಜಿನ್ ಬೇರೆ, ಚಾಸಿಸ್ ಬೇರೆ, ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಆ ಮೈಯನ್ನು ಕೂರಿಸಲು ಕೈಕೆಲಸವೇ ಬಹಳವಾಗಿ ಖರ್ಚು ಏರಿತು. 1941ರ ಹೊತ್ತಿಗೆ ಎರಡೂ ಮರೆಯಾದವು. ಹಳೆಯ ಮೈಗೆ ಬೇರೆ ಎಂಜಿನ್ ಕೂಡಿಸುವ ಪ್ರಯತ್ನ ಹೀಗೆ ಕಾರ್ಡ್ ಸತ್ತ ಮೂರ್ನಾಲ್ಕು ವರ್ಷಗಳಲ್ಲಿಯೇ ಒಮ್ಮೆ ನಡೆದು ಸೋತಿತ್ತು.

ಇದೆಲ್ಲ ಗೊತ್ತಿದ್ದೂ ಪ್ರೇ ಮೇಷ್ಟರು ಅದೇ ಹೊಂಡಕ್ಕೆ ಧುಮುಕಿದರು. ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಕಂಪನಿಯ ಅಳಿದುಳಿದ ಬಿಡಿಭಾಗಗಳನ್ನೂ ಹೆಸರಿನ ಹಕ್ಕನ್ನೂ ಡಲ್ಲಾಸ್ ವಿನ್ಸ್‌ಲೋ ಎಂಬ ವ್ಯಾಪಾರಿ ಕೊಂಡು, ಹಳೆಯ ಮಾಲೀಕರಿಗೆ ಭಾಗಗಳನ್ನು ಮಾರುತ್ತಿದ್ದರು. 1960ರಲ್ಲಿ ಪ್ರೇ ಅದನ್ನೆಲ್ಲ 75,000 ಡಾಲರಿಗೆ ಕೊಂಡರು. ಅಂದಿನ ಶಾಲಾ ಮೇಷ್ಟರೊಬ್ಬರಿಗೆ ಆ ಮೊತ್ತವೆಂದರೆ ಏನೆಂಬುದನ್ನು ಸಂಬಳದ ದಿನವನ್ನು ಎಣಿಸಿ ಬದುಕಿದ ನನ್ನಂಥವರು ಊಹಿಸಬಲ್ಲರು. ನೂರಾರು ಟನ್ ಕಬ್ಬಿಣವನ್ನು ಇಂಡಿಯಾನಾದಿಂದ ಓಕ್ಲಹೋಮದ ಬ್ರೋಕನ್ ಆರೋ ಎಂಬ ಊರಿಗೆ ಸಾಗಿಸಿ, ಹಿಂದೆ ಉಪ್ಪಿನಕಾಯಿ ತಯಾರಾಗುತ್ತಿದ್ದ ಹಳೆಯ ಕಾರ್ಖಾನೆಯೊಂದರಲ್ಲಿ ತುಂಬಿಸಿದರು. ಹಳೆಯ ಕಾರಿನವರಿಗೆ ಬಿಡಿಭಾಗ ಮಾರುತ್ತ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವರ ಆಸೆ ಬೇರೆ: ಕಾರ್ಡ್ ಮತ್ತೆ ರಸ್ತೆಗೆ ಬರಬೇಕು, ಈ ಸಲ ದಾರಿಯ ನಡುವೆ ನಿಲ್ಲಬಾರದು.

ಹೊಸ ಕಾರಿಗೆ ಅವರಿಟ್ಟ ಹೆಸರೇ ಒಂದು ಚಮತ್ಕಾರ. ಮೂಲದ 810ರ ನಡುವೆ ಒಂದು ಓರೆಗೆರೆ ಎಳೆದು 8/10 ಎಂದರು. ಎಂದರೆ ಹತ್ತರಲ್ಲಿ ಎಂಟು ಪಾಲು. ಅಳತೆಯಲ್ಲಿ ಮೂಲದ ಶೇಕಡಾ 80ರಷ್ಟು. ಮೂಲ ವಿನ್ಯಾಸಕಾರರಾದ ಬ್ಯೂರಿಗ್ ಅವರನ್ನೇ ಸಲಹೆಗೆ ಕರೆತಂದರು. ಉಕ್ಕಿನ ಅಚ್ಚುಗಳ ಗೊಡವೆಗೆ ಹೋಗದೆ ರಾಯಲೈಟ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಮೈ ಮಾಡಿದರು. ಇದಕ್ಕೊಂದು ಸೊಗಸಾದ ಗುಣವಿತ್ತು: ಪೆಟ್ಟು ಬಿದ್ದು ತಗ್ಗಾದರೆ ಬಿಸಿ ತಾಗಿಸಿ ಮತ್ತೆ ಮೊದಲಿನ ಆಕಾರಕ್ಕೆ ತರಬಹುದು.

ಎಂಜಿನ್ ಆರಿಸುವಾಗ ಮೇಷ್ಟರ ನಿಜವಾದ ಹಠ ಕಂಡುಬರುತ್ತದೆ. ಅಂದಿನ ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತಿದ್ದುದೆಲ್ಲ ಹಿಂದಿನ ಚಕ್ರ ತಿರುಗಿಸುವ ಯಂತ್ರಗಳೇ. ಯಾವುದಾದರೂ ಚಾಸಿಸ್ ತಂದು ಅದರ ಮೇಲೆ ಕಾರ್ಡಿನ ಮೈ ಕೂರಿಸಿದ್ದರೆ ಕೆಲಸ ಹಗುರಾಗುತ್ತಿತ್ತು. ಅವರು ಒಪ್ಪಲಿಲ್ಲ, ಮುಂದಿನ ಚಕ್ರ ಎಳೆಯದಿದ್ದರೆ ಅದು ಕಾರ್ಡ್ ಆಗದು. ಅದಕ್ಕಾಗಿ ಷೆವರ್ಲೆ ಕಂಪನಿಯ ಕೊರ್ವೇರ್ ಕಾರಿನತ್ತ ಕಣ್ಣು ಹಾಯಿಸಿದರು. ಕೊರ್ವೇರಿನಲ್ಲಿ ಗಾಳಿಯಿಂದ ತಣಿಯುವ ಆರು ಸಿಲಿಂಡರಿನ ಎಂಜಿನ್ ಕಾರಿನ ಬೆನ್ನಲ್ಲಿದ್ದು, ಗೇರ್‌ಬಾಕ್ಸ್ ಸಮೇತ ಒಂದೇ ಗಂಟಾಗಿ ಹಿಂದಿನ ಚಕ್ರಗಳಿಗೆ ಸೇರಿಕೊಂಡಿತ್ತು. ಆ ಇಡೀ ಗಂಟನ್ನು ಬಿಚ್ಚಿ ತಂದು, ಹಿಂದುಮುಂದಾಗಿ ತಿರುಗಿಸಿ, ಕಾರಿನ ಮುಂಭಾಗದಲ್ಲಿ ಕೂರಿಸಿದರೆ? ಮುಂದಿನ ಚಕ್ರ ಎಳೆಯುವ ಯಂತ್ರ ಸಿದ್ಧ! ಒಂದು ತೊಡಕು ಮಾತ್ರ ಇದೆ. ಯಂತ್ರದ ಮುಖ ತಿರುಗಿಸಿದಾಗ ಚಕ್ರಗಳೂ ತಿರುವುಮುರುವಾಗಿ ತಿರುಗುತ್ತವೆ. ಒಂದನೆಯ ಗೇರು ಹಾಕಿದರೆ ಕಾರು ಹಿಂದಕ್ಕೆ ಹೋಗುತ್ತದೆ. ಇದನ್ನು ಸರಿಪಡಿಸದೆ ವಿಧಿಯಿಲ್ಲ. ಬೋರ್ಡಿನ ಮೇಲೆ ಬರೆದು ಮಕ್ಕಳನ್ನು ಕೇಳಲು ಇದಕ್ಕಿಂತ ಒಳ್ಳೆಯ ಲೆಕ್ಕ ಯಾವುದಿದೆ! ಇನ್ನು ಶಕ್ತಿಯ ಮಾತು: 1936ರ ಕಾರ್ಡಿನ 4.7 ಲೀಟರಿನ ಎಂಜಿನ್ 125 ಅಶ್ವಶಕ್ತಿ ಕೊಡುತ್ತಿದ್ದರೆ, ಕೊರ್ವೇರಿನ 2.7 ಲೀಟರಿನ ಪುಟ್ಟ ಎಂಜಿನ್ 140 ಕೊಡುತ್ತಿತ್ತು. ಕಾಲು ಶತಮಾನದಲ್ಲಿ ವಿದ್ಯೆ ಬೆಳೆದ ಪರಿ ಇದು.

ಅದೇ 1964ರಲ್ಲಿ ಮತ್ತೊಂದು ಊರಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಪ್ರಯೋಗ ನಡೆಯಿತು. ಮಿಲ್ವಾಕಿಯ ಬ್ರೂಕ್ಸ್ ಸ್ಟೀವನ್ಸ್ ಎಂಬ ಹೆಸರಾಂತ ವಿನ್ಯಾಸಕಾರರು ಸ್ಟುಡಿಬೇಕರ್ ಕಾರಿನ ಚಾಸಿಸ್ ಮೇಲೆ 1928ರ ಮರ್ಸಿಡಿಸ್ ಎಸ್‌ಎಸ್‌ಕೆ ಹೋಲುವ ಮೈ ಕೂರಿಸಿ, ಎಕ್ಸ್‌ಕ್ಯಾಲಿಬರ್ ಎಂದು ಕರೆದರು. ಸ್ಟುಡಿಬೇಕರ್ ಎಂಜಿನ್ ಸಿಗುವುದು ಕಷ್ಟವಾದಾಗ ಷೆವರ್ಲೆಯ ಕಾರ್ವೆಟ್ ಎಂಜಿನ್ ತಂದು ಹಾಕಿದರು. ಅವರಿಗೆ ಬೇಕಾದುದು ಹಳೆಯ ಕಾರಿನ ಚೆಂದ ಮಾತ್ರ. ಒಳಗಿನದು ಯಾವುದಾದರೇನು, ಓಡಿದರೆ ಸಾಕು. ಅವರ ಕಾರು ಎರಡು ದಶಕಗಳಿಗೂ ಹೆಚ್ಚು ಕಾಲ ಮಾರಾಟವಾಯಿತು. ನಮ್ಮ ಮೇಷ್ಟರ 8/10 ಮಾತ್ರ ಎರಡು ಮೂರು ವರ್ಷಗಳಲ್ಲಿ, ನೂರರ ಗಡಿಯನ್ನು ಮುಟ್ಟುವ ಮುನ್ನವೇ ನಿಂತಿತು. ಕಾರು ಮಾಡುವ ವಿದ್ಯೆ ಬೇರೆ, ಬಂಡವಾಳ ಹೊಂದಿಸುವ ವಿದ್ಯೆ ಬೇರೆ. ಎರಡನೆಯದರಲ್ಲಿ ಮೇಷ್ಟರುಗಳು ಸಾಮಾನ್ಯವಾಗಿ ಅನುತ್ತೀರ್ಣರು.

ಕಾರ್ಡ್ ಹೆಸರು ಬೇರೆಯವರ ಕೈಸೇರಿತು. ಅವರು 1968ರ ಸುಮಾರಿಗೆ ಅದೇ ರೂಪದ ಕಾರನ್ನು ಮತ್ತೆ ತಂದರು, ಫೈಬರ್ ಗ್ಲಾಸ್ ಮೈಯಲ್ಲಿ. ಒಳಗೆ ಫೋರ್ಡ್ ಅಥವಾ ಕ್ರೈಸ್ಲರ್ ಎಂಜಿನ್, ಬಲ ಹಿಂದಿನ ಚಕ್ರಗಳಿಗೆ. ಮೂಗು ಕಾರ್ಡಿನದೇ, ಆದರೆ ಆ ಮೂಗು ಯಾಕೆ ಹಾಗಿತ್ತೆಂಬುದಕ್ಕೆ ಕಾರಣವಾದ ತಂತ್ರವೇ ಇಲ್ಲ. ಇದನ್ನು ನಾನು ಕಾರ್ಡ್ ಎನ್ನಲಾರೆ. ಪ್ರೇ ಅವರ ಕಾರನ್ನು, ಅದರಲ್ಲಿ 1936ರ ಒಂದು ಮೊಳೆಯೂ ಇಲ್ಲದಿದ್ದರೂ, ಕಾರ್ಡ್ ಎನ್ನುತ್ತೇನೆ.

ನನ್ನ ಈ ತೀರ್ಪಿಗೆ ಒಂದು ಆಕ್ಷೇಪಣೆ ಬರಬಹುದು. ಇದೇ ಪ್ರೇ ಮುಂದೆ ಬ್ರೋಕನ್ ಆರೋದಲ್ಲಿ 1935ರ ಆಬರ್ನ್ ಸ್ಪೀಡ್‌ಸ್ಟರ್ ಅನ್ನು ಹೊಸದಾಗಿ ಕಟ್ಟಿದರಲ್ಲ, ಫೋರ್ಡ್ ಚಾಸಿಸ್, ಫೋರ್ಡಿನ ಏಳು ಲೀಟರಿನ ವಿ-8 ಎಂಜಿನ್ ಹಾಕಿ? ಅದು ಸರಿಯೇ? ಸರಿಯೇ ಎಂದು ನನ್ನ ಅಭಿಪ್ರಾಯ. ದೋಣಿಯ ಬಾಲದಂಥ ಹಿಂಭಾಗವಿದ್ದ ಮೂಲ ಆಬರ್ನ್ ಕೂಡ ಹಿಂದಿನ ಚಕ್ರ ತಿರುಗಿಸುವ ಸಾಂಪ್ರದಾಯಿಕ ಕಾರೇ ಆಗಿತ್ತು. ಅದರ ಹೆಮ್ಮೆಯೆಲ್ಲ ಬಲದಲ್ಲಿ. ಗಂಟೆಗೆ 100 ಮೈಲಿ ಮೀರಿ ಓಡಿದೆ ಎಂದು ಪ್ರತಿ ಕಾರಿನಲ್ಲಿಯೂ ಒಂದು ಫಲಕ ಜಡಿಯುತ್ತಿದ್ದರು. ಅಂಥದಕ್ಕೆ ಏಳು ಲೀಟರಿನ ಎಂಜಿನ್ ಹಾಕಿದರೆ ಅಪಚಾರವೇನಿಲ್ಲ. ಯಾವ ಕಾರಿನಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದು ಅವರಿಗೆ ತಿಳಿದಿತ್ತು.

‘ಮಿಲಿಂದ ಪ್ರಶ್ನೆ’ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನನು ರಥದಲ್ಲಿ ಬಂದ ಮಿಲಿಂದ ರಾಜನನ್ನು ಕೇಳುತ್ತಾನೆ: ಅಚ್ಚುಮರ ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ ಎನ್ನಬೇಕಾಗುತ್ತದೆ. ಇವೆಲ್ಲ ಕೂಡಿದಾಗ ನಾವಿಡುವ ಹೆಸರು ಮಾತ್ರ ರಥ ಎಂಬುದು ಅಲ್ಲಿನ ನಿರ್ಣಯ. ನನ್ನ ಶಿಷ್ಯ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಇದೇ ಅಲ್ಲವೇ ಎಂದು ಈಗ ಹೊಳೆಯುತ್ತಿದೆ, ಅಂಕ ಕೊಡಬೇಕಾಗಿತ್ತೇನೋ.

ಸರ್ಕಾರ ಮಾತ್ರ ಭಿಕ್ಷುವಿನಷ್ಟು ಉದಾರವಲ್ಲ. 2021ರಲ್ಲಿ ನಮ್ಮ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಚಾಸಿಸ್, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡು ಆಗಿರಕೂಡದು. ಹಳೆಯ ಕಾರಿಗೆ ಹೊಸ ಎಂಜಿನ್ ಹಾಕಿಸಿದವರು ಆ ಮನ್ನಣೆಯ ಆಸೆ ಬಿಡಬೇಕು.

ಪ್ರೇ ಮೇಷ್ಟರು 2011ರಲ್ಲಿ ತೀರಿಕೊಂಡರು. ಅವರ 8/10 ಕಾರುಗಳಿಗೂ ಈಗ 50 ವರ್ಷ ದಾಟಿ ಹೋಗಿದೆ. ಅವೇ ಹಳೆಯ ಕಾರುಗಳಾಗಿವೆ, ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅವುಗಳ ಮೂಲರೂಪವೆಂದರೆ ಆ ಕೊರ್ವೇರ್ ಎಂಜಿನ್ನೇ. ಅದನ್ನು ತೆಗೆದು ಇಂದಿನದೊಂದನ್ನು ಹಾಕಿದರೆ ಕಾರು ಕೆಟ್ಟಿತೆಂದು ಬಲ್ಲವರು ಹೇಳುತ್ತಾರೆ. ಕೊರ್ವೇರ್ ತಯಾರಿಕೆಯೋ 1969ರಲ್ಲಿಯೇ ನಿಂತಿತು. ಅಂದು ಹೊಸದೆಂದು ತಂದು ಕೂರಿಸಿದ ಆ ಎಂಜಿನ್ನಿನ ಬಿಡಿಭಾಗಗಳಿಗಾಗಿ ಮಾಲೀಕರು ಇಂದು ಹಳೆಯ ಗೋದಾಮುಗಳನ್ನು ತಡಕಬೇಕಾಗಿದೆ, 1960ಕ್ಕೆ ಮುಂಚೆ ಕಾರ್ಡಿನವರು ತಡಕುತ್ತಿದ್ದಂತೆ.